ಹೆಪ್ಪು

ಕೈಗವಸು ಹಾಕಿಕೋ ಇಲ್ಮೊ, ಆಮ್ಲ ಇನ್ನೂ ಬಿಸಿಯಿದೆ.
ಇಕ್ಕಳದಲ್ಲಿ ಮೆಲ್ಲಗೆ ಎತ್ತು, ನೀರಲ್ಲಿ ಅದ್ದು,
ಈಗ ದೀಪದ ಕೆಳಗೆ ಹಿಡಿ.
ಕಂಡಿತೇ?
ನುಣ್ಣಗೆ ಕನ್ನಡಿಯಂತಿದ್ದ ಉಕ್ಕಿನ ಬಿಲ್ಲೆಯೊಳಗೆ
ಒಂದು ಕಾಡು.
ಕಾಂಡಕ್ಕೆ ಕೊಂಬೆ, ಕೊಂಬೆಗೆ ಕಡ್ಡಿ,
ಎಲ್ಲವೂ ಅಂಚಿನಿಂದ ಹೊರಟು
ನಡುವಿನ ಕಡೆಗೆ ಮುಖ ಮಾಡಿವೆ.
ಎಲೆ ಮಾತ್ರ ಒಂದೂ ಇಲ್ಲ.

ಬರಿಯ ಕಬ್ಬಿಣವಾಗಿದ್ದರೆ ಸುಲಭವಿತ್ತು.
ಸಾವಿರದ ಐನೂರ ಮೂವತ್ತೆಂಟು ಎಂಬ ಒಂದೇ ಮೆಟ್ಟಿಲು,
ಹತ್ತಿದರೆ ನೀರು, ಇಳಿದರೆ ಕಲ್ಲು.
ಇಂಗಾಲ ಬಿದ್ದದ್ದೇ ಮೆಟ್ಟಿಲು ಇಳಿಜಾರಾಯಿತು,
ಗಟ್ಟಿಯೂ ಅಲ್ಲದ, ತೆಳುವೂ ಅಲ್ಲದ
ಗಂಜಿಯ ಹೊತ್ತೊಂದು ಹುಟ್ಟಿಕೊಂಡಿತು.
ನಿಕ್ಕಲ್ ಮೊಗೆಮೊಗೆದು ಸುರಿದರೂ ಅಷ್ಟಿಷ್ಟೇ ಅಲುಗುವ ಅಂಕಿ
ಇಂಗಾಲದ ಚಿಟಿಕೆಗೆ ಧಡಕ್ಕನೆ ಕುಸಿಯುತ್ತದೆ.
ರಂಜಕ, ಗಂಧಕ? ಇವನ್ನು ಯಾರೂ ಕರೆದಿರಲಿಲ್ಲ,
ಅದಿರಿನ ಜೊತೆ, ಗುಜರಿಯ ಜೊತೆ ಬಂದವು.

ಡಿಸೆಂಬರಿನಲ್ಲಿ ತೋರ್ನಿಯೊ ನದಿಯ ಬಾಯಿಗೆ ಹೋಗಿ ನೋಡು.
ಇಲ್ಲಿನ ಕಡಲಿಗೆ ಉಪ್ಪೇ ಕಡಿಮೆ, ಆದರೂ
ಹೆಪ್ಪುಗಟ್ಟುವಾಗ ಇದ್ದಷ್ಟನ್ನೂ ಹೊರಗಟ್ಟುತ್ತದೆ.
ಉಕ್ಕಿನ ಬುದ್ಧಿಯೂ ಅದೇ.
ಮೊದಲು ನಿಂತ ಕೊಂಬೆ ಚೊಕ್ಕಟ,
ತನಗೆ ಹಿಡಿಸದ್ದನ್ನು ಅದು ಮುಂದೆ ತಳ್ಳುತ್ತದೆ,
ಮುಂದಿನದು ಅದಕ್ಕೂ ಮುಂದಕ್ಕೆ.
ಕೊನೆಗೆ ನಟ್ಟನಡುವೆ, ಎಲ್ಲಕ್ಕಿಂತ ತಡವಾಗಿ ಆರುವಲ್ಲಿ,
ತಳ್ಳಿಸಿಕೊಂಡದ್ದೆಲ್ಲ ಸೇರಿ ಒಂದು ಕಪ್ಪು ಗೆರೆ.
ಹಲಗೆ ಬಿರಿಯುವುದು ಅಲ್ಲೇ.
ಮ್ಯಾಂಗನೀಸ್ ಇದ್ದರೆ ಗಂಧಕವನ್ನು ಮಗ್ಗುಲಿಗೆ ಎಳೆದುಕೊಂಡು
ಉಂಡೆ ಕಟ್ಟಿ ಕೂರಿಸುತ್ತದೆ.
ಇಲ್ಲವಾದರೆ ಹರಳು ಹರಳಿನ ಸಂದಿಗೆ ತೆಳ್ಳಗೆ ಹರಡಿ
ಉರುಳೆಯ ಮೊದಲ ಒತ್ತಿಗೇ ಕೈಕೊಡುತ್ತದೆ.

ನನ್ನ ಅಜ್ಜಿ ಹಿಲ್ಮಾ ವೀಲಿ ಮಾಡುತ್ತಿದ್ದಳು,
ನಿನ್ನೆಯ ಬಟ್ಟಲ ತಳದ ಒಂದು ಚಮಚ
ಇವತ್ತಿನ ಹಾಲಿಗೆ ಹೆಪ್ಪು.
ಯುದ್ಧದ ವರ್ಷ ದನ ಹೊಡೆದುಕೊಂಡು ಹೊಳೆ ದಾಟಿದಾಗ
ಬಟ್ಟೆಯ ಚೂರಿಗೆ ಸವರಿ, ಒಣಗಿಸಿ,
ಎದೆಯ ಹತ್ತಿರ ಇಟ್ಟುಕೊಂಡಿದ್ದಳಂತೆ.
ಟೈಟಾನಿಯಂ ಹಾಕುವುದೂ ಇದೇ ಲೆಕ್ಕ.
ಸಾರಜನಕದ ಕೈಹಿಡಿದು, ಕಣ್ಣಿಗೆ ಕಾಣದ ಬೀಜವಾಗಿ,
ಕರಗಿದ ಉಕ್ಕಿನ ನಡುವೆ ತೇಲುತ್ತ,
ಇಲ್ಲಿ ಹೆಪ್ಪುಗಟ್ಟು, ಇಲ್ಲೂ, ಇಲ್ಲೂ ಎನ್ನುತ್ತದೆ.
ಆಗ ಕಾಡಿಲ್ಲ, ಬಾರ್ಲಿಯಂಥ ಸಣ್ಣ ಕಾಳುಗಳು,
ಯಾವುದಕ್ಕೂ ಯಾವುದನ್ನೂ
ಬಹಳ ದೂರ ತಳ್ಳಲು ಜಾಗವಿಲ್ಲ.

ಬಿಲ್ಲೆ ಕೆಳಗಿಡು. ಈಗ ಹೇಳುವುದನ್ನು ಕೇಳಿಸಿಕೋ.

ಇಂಗಾಲ ನೂರಕ್ಕೆ ಸೊನ್ನೆ ಬಿಂದು ಸೊನ್ನೆ ಐದು, ಹೆದರಬೇಡ.
ಸೊನ್ನೆ ಬಿಂದು ಎರಡು, ಅದೂ ಸರಿಯೇ.
ನಡುವೆ ಇದೆ, ಸೊನ್ನೆ ಬಿಂದು ಒಂದು ಒಂದು.
ತೊಗಲು ಗಟ್ಟಿಯಾಗುತ್ತಿರುವಾಗಲೇ
ಹರಳು ತನ್ನ ಜೋಡಣೆ ಬದಲಿಸುತ್ತದೆ,
ಬೆಂಚಿನ ಮೇಲಿದ್ದವರು ಎದ್ದು ಮತ್ತೆ ಒತ್ತಾಗಿ ಕೂತಂತೆ.
ಕುಗ್ಗಿ, ಅಚ್ಚಿನ ತಾಮ್ರದ ಗೋಡೆಯಿಂದ
ಕೂದಲೆಳೆಯಷ್ಟು ಸರಿಯುತ್ತದೆ. ಅಷ್ಟು ಸಾಕು.
ಸರಿದಲ್ಲಿ ತಂಪು ತಾಗದು, ತೊಗಲು ಬಲಿಯದು,
ಒಳಗಿನ್ನೂ ಬೆಂಕಿಯ ಹೊಳೆ.
ವೇಗ ತಗ್ಗಿಸಬೇಕು, ಕೂಡಲೇ.

ಹನ್ನೊಂದು ವರ್ಷದ ಹಿಂದೆ, ಮಾರ್ಚಿನ ಒಂದು ರಾತ್ರಿ,
ಎರಕದ ಕಟ್ಟೆಯ ಮೇಲೆ ತೌನೊ, ಇಲ್ಲಿ ನಾನು.
ಸೊನ್ನೆ ಬಿಂದು ಸೊನ್ನೆ ಐದು ಬರಬೇಕಿತ್ತು.
ಒಂದು ಒಂದು ಬಂತು. ಬರೆದುಕೊಂಡೆ.
ಕಾಫಿ ಅರ್ಧ ಉಳಿದಿತ್ತು, ಕುಡಿದೆ.
ಹೊಳೆಯಾಚೆ ಹಾಪರಾಂಡದ ದೀಪಗಳು,
ನಮಗೆ ಎರಡೂವರೆ, ಅವರಿಗಿನ್ನೂ ಒಂದೂವರೆ,
ಒಂದು ಗಂಟೆ ಉಳಿಸಿಕೊಂಡ ಜನ ಎಂದುಕೊಂಡೆ.
ಫೋನು ಎತ್ತಿದಾಗ ಆ ತುದಿಯಲ್ಲಿ ಗಂಟೆ ಬಡಿಯುತ್ತಿತ್ತು.

ತೌನೊ ಬದುಕಿದ. ಎಡಗಾಲ ಬೂಟಿನ ಅಳತೆ ಮಾತ್ರ ಈಗ ಬೇರೆ.
ಚಳಿಗಾಲವಿಡೀ ಮಂಜಿಗೆ ತೂತು ಕೊರೆದು
ಸೀಕ ಮೀನಿಗೆ ಕಾಯುತ್ತಾನೆ,
ನನಗೂ ಎರಡು ತರುತ್ತಾನೆ, ಪತ್ರಿಕೆಯಲ್ಲಿ ಸುತ್ತಿ.
ಆ ನಾಲ್ಕು ನಿಮಿಷದ ಮಾತು ಅವನು ಎತ್ತಿಲ್ಲ.
ನಾನೂ.

ಕೇಳಿತೇ, ಕೊಳವೆಯಲ್ಲಿ ಠಣ್ ಎಂದಿತು, ಹೊಸ ಮಾದರಿ.
ಉಜ್ಜಿ ಯಂತ್ರಕ್ಕಿಡು.
ಸಂಖ್ಯೆ ಕಂಡ ಕೂಡಲೇ ಫೋನು ಎತ್ತು.
ಬರೆದುಕೊಳ್ಳುವುದು ಆಮೇಲೆ.